ಗೇರುಹಣ್ಣು ತಿಂದವರಿಗೆ ರೆಡ್ ವೈನ್

ಮಂಗಳೂರಿನ ಕದ್ರಿಯಲ್ಲಿ ಅಕ್ಕನ ಮನೆ. ಮೇ ತಿಂಗಳ ಸೆಕೆ. ಭಾವ ನಾಸಿಕ್‌ನ ಕ್ಯಾಬರ್ನೆ ಸೋವಿನ್ಯೋನ್ ಎಂಬ ಕಪ್ಪು ದ್ರಾಕ್ಷಿಯ ರೆಡ್ ವೈನ್ ಬಾಟಲಿ ತೆರೆದು, "ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು ಮಾರಾಯ" ಎಂದರು. ನಮ್ಮ ರೂಮು 32 ಡಿಗ್ರಿ! ಆ ಮಾತು ಯುರೋಪಿನ ತಣ್ಣನೆ ಮನೆಗಳದ್ದು. ಮೊದಲ ಗುಟುಕಿಗೆ ಬರೀ ಸ್ಪಿರಿಟ್ ಘಾಟು.

ಬಾಟಲಿಯನ್ನು ಗಂಟೆಗೂ ಜಾಸ್ತಿ ಹೊತ್ತು ಫ್ರಿಜ್‌ನಲ್ಲಿಟ್ಟೆ. 18 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು. ಆಮೇಲೆ ಗ್ಲಾಸ್ ತಿರುಗಿಸಿ ಮೂಸಿದರೆ ನೇರಳೆ ಹಣ್ಣು, ಅದರ ಹಿಂದೆಯೇ ಸ್ವಲ್ಪ ಮರದ ವಾಸನೆ. ಬಾಯಲ್ಲಿ ದಪ್ಪ. ಹಗುರ ವೈನ್‌ಗೂ ಇದಕ್ಕೂ, ನೀರುಮಜ್ಜಿಗೆಗೂ ಗಟ್ಟಿ ಮೊಸರಿಗೂ ಇರುವಷ್ಟು ವ್ಯತ್ಯಾಸ. ಕೊನೆಗೆ ಒಗರು. ಅದೇ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವಂಥದ್ದು. ಗೇರುಹಣ್ಣು ಕಚ್ಚಿದಾಗ ನಾಲಿಗೆ ಒಣಗಿ ಹಿಡಿದುಕೊಳ್ಳುತ್ತದೆ ಅಲ್ವಾ, ಹಾಗೇ. ಕರಾವಳಿಯವರಿಗೆ ಬೇರೆ ಪಾಠ ಬೇಡ.

ಅಕ್ಕ ತಂದಿಟ್ಟ ಕೋರಿ ಸುಕ್ಕದ (ಖಾರದ ಕೋಳಿ ಪಲ್ಯ) ಜೊತೆ ಮಾತ್ರ ಎಲ್ಲ ಕೆಟ್ಟಿತು. ಖಾರಕ್ಕೆ ಆಲ್ಕೋಹಾಲ್ ಸೇರಿ ಗಂಟಲೆಲ್ಲ ಉರಿ. ಬರೀ ಉಪ್ಪು ಹಾಕಿ ಹುರಿದ ಮಟನ್ ತುಂಡು ಬಾಯಿಗೆ ಹಾಕಿದೆ ನೋಡಿ, ಒಗರು ಮೆತ್ತಗಾಯಿತು. ಮಾಂಸದ ಪ್ರೋಟೀನ್, ಕೊಬ್ಬು ಟ್ಯಾನಿನ್ನಿನ ಬಿಗಿ ಸಡಿಲಿಸುತ್ತವೆ.

ಅಷ್ಟರಲ್ಲಿ ಭಾವ ಸುಮ್ನೆ ತಮ್ಮ ಗ್ಲಾಸಿಗೆ ಎರಡು ಐಸ್ ಹಾಕಿಕೊಂಡರು. ನಾನು ನೋಡಿಯೂ ನೋಡದ ಹಾಗೆ ಕೂತೆ.