ಅಂತರಪಟದ ಪಕ್ಕದಲ್ಲಿ

ಆಷಾಢ ಬಂದರೆ ನಮಗೆ ಕೆಲಸವಿಲ್ಲ. ಮೈಸೂರಿನ ಜನ ಶುಕ್ರವಾರ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ, ಛತ್ರಗಳು ಬಾಗಿಲು ಹಾಕಿಕೊಂಡಿರುತ್ತವೆ. ಆ ತಿಂಗಳು ನಾನು ಹಳೆಯ ಲೆಕ್ಕ ಚುಕ್ತಾ ಮಾಡುತ್ತೇನೆ, ಹರಿದ ಪರದೆ ಹೊಲಿಸುತ್ತೇನೆ, ಮಧ್ಯಾಹ್ನ ಮಲಗುತ್ತೇನೆ. ಬೇರೆಯವರ ಮನೆ ಮದುವೆ ಮಾಡಿಸಿಕೊಡುವುದು ನನ್ನ ಕೆಲಸ. ಶುರು ಮಾಡಿ 14 ವರ್ಷವಾಯಿತು.

ಹೋದ ಆಷಾಢದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಒಂದು ಇಂಗ್ಲಿಷ್ ಕಾದಂಬರಿ ತಂದುಕೊಟ್ಟಳು. "ಅಕ್ಕಾ, ಇದನ್ನ ನೀವು ಓದಲೇಬೇಕು. ನಮ್ಮದೇ ಕಥೆ" ಅಂದಳು. ನಾಯಕಿ ಮದುವೆ ಮಾಡಿಸುವವಳು. ಊರಿನವರಿಗೆಲ್ಲ ಮದುವೆ ಮಾಡಿಸುತ್ತಾಳೆ, ತನಗೆ ಮಾತ್ರ ಯಾರೂ ಇಲ್ಲ. ಯಾವುದೋ ಮದುವೆಗೆ ಹೂವು ತಂದವನ ಮೇಲೆ ಮನಸ್ಸಾಗುತ್ತದೆ. ಮುಂದಿನದನ್ನು ನೀವೇ ಊಹಿಸಬಹುದು. ನಾನೂ ಊಹಿಸಿದ್ದೆ, ಆದರೂ ಪುಸ್ತಕ ಕೆಳಗಿಡಲಿಲ್ಲ.

ನಮ್ಮಮ್ಮ ತ್ರಿವೇಣಿಯವರ ಕಾದಂಬರಿಗಳನ್ನು ಓದಿ ಬೆಳೆದವರು. 1963ರಲ್ಲಿ ಅವರು ತೀರಿಕೊಂಡಾಗ ಇನ್ನೂ 35 ತುಂಬಿರಲಿಲ್ಲ ಅಂತ ಹೇಳುವಾಗ ಅಮ್ಮನ ದನಿ ಈಗಲೂ ಸಣ್ಣಗಾಗುತ್ತದೆ. ಮದುವೆಯಾದ ಮೇಲೆ ಹೆಣ್ಣಿನ ಬದುಕು ಏನಾಗುತ್ತದೆ ಅನ್ನುವ ಕಥೆಗಳು ಅಮ್ಮನಿಗೆ ಇಷ್ಟ. ನನ್ನ ಕೈಯಲ್ಲಿದ್ದ ಕಾದಂಬರಿ ಮದುವೆಯ ದಿನಕ್ಕೇ ಮುಗಿದುಹೋಗುತ್ತಿತ್ತು. ಅದಕ್ಕೇ ಇರಬೇಕು, ಅಮ್ಮ ನಾಲ್ಕು ಪುಟ ಕೇಳಿ "ಆಮೇಲೆ?" ಅಂದರು.

ಆ ನಾಯಕಿಯ ಚೀಲ ಮಾತ್ರ ನಿಜವಾದ ಚೀಲ. ಸೇಫ್ಟಿ ಪಿನ್ನು, ಸೂಜಿ ದಾರ, ತಲೆನೋವಿನ ಮಾತ್ರೆ, ಒಂದು ಜೊತೆ ಹಳೆಯ ಚಪ್ಪಲಿ. ಅದನ್ನು ಓದುವಾಗ ಖುಷಿಯಾಯಿತು, ಬರೆದವರು ಯಾರೋ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದಾರೆ ಅನ್ನಿಸಿತು. ನನ್ನ ಚೀಲದಲ್ಲಿ ಇದರ ಜೊತೆಗೆ ಒಂದು ಪೊಟ್ಟಣ ಕರ್ಪೂರ, ಬೆಂಕಿಪೊಟ್ಟಣ, ಅರಿಶಿನದ ಕೊಂಬು, ಎರಡು ಅಡಿಕೆ ಯಾವಾಗಲೂ ಇರುತ್ತವೆ. ಪುರೋಹಿತರು ಕೊನೇ ಗಳಿಗೆಯಲ್ಲಿ ಕೇಳುವುದು ಇವನ್ನೇ.

ಆದರೆ ಒಂದು ಕಡೆ ನಿಂತುಬಿಟ್ಟೆ. ಆ ನಾಯಕಿ ಪ್ರತಿ ಮದುವೆಯಲ್ಲೂ ಹಿಂದಿನ ಸಾಲಿನಲ್ಲಿ ನಿಂತು, ಹೆಣ್ಣು ಗಂಡು ಒಬ್ಬರನ್ನೊಬ್ಬರು ಮೊದಲು ನೋಡುವ ಆ ಗಳಿಗೆಯನ್ನು ನೋಡುತ್ತಾಳೆ. ಅದಕ್ಕೋಸ್ಕರವೇ ಈ ಕೆಲಸ ಮಾಡುತ್ತೇನೆ ಅನ್ನುತ್ತಾಳೆ. ಪುಸ್ತಕ ಮಡಿಚಿ ಎದೆಯ ಮೇಲಿಟ್ಟುಕೊಂಡು ಯೋಚಿಸಿದೆ. 14 ವರ್ಷದಲ್ಲಿ ನಾನು ಒಂದೇ ಒಂದು ಅಂತರಪಟ ಸರಿದದ್ದನ್ನೂ ನೋಡಿಲ್ಲ.

ಹೇಗೆ ನೋಡಲಿ? ಆ ಹೊತ್ತಿಗೆ ನಾನು ಊಟದ ಹಾಲ್‌ನಲ್ಲಿರುತ್ತೇನೆ. ಮಾಂಗಲ್ಯಧಾರಣೆಗೆ ಗಟ್ಟಿಮೇಳ ಕೇಳಿತು ಅಂದರೆ ಹತ್ತು ನಿಮಿಷದಲ್ಲಿ ಮೊದಲ ಪಂಕ್ತಿ ಕೂರುತ್ತದೆ. ಬಸ್ಸು ಹಿಡಿಯಬೇಕಾದವರು, ಮಾತ್ರೆ ನುಂಗಬೇಕಾದ ಹಿರಿಯರು, ಮಕ್ಕಳನ್ನು ಎತ್ತಿಕೊಂಡವರು ಅಕ್ಷತೆ ಹಾಕಿ ನೇರ ಅಲ್ಲಿಗೇ ಬರುತ್ತಾರೆ. ಅಷ್ಟರಲ್ಲಿ ಎಲೆ ಹಾಕಿರಬೇಕು. ತುದಿ ಊಟಕ್ಕೆ ಕೂತವರ ಎಡಕ್ಕೆ ಬರಬೇಕು, ಹೊಸ ಹುಡುಗರು ತಿರುಗಾಮುರುಗಾ ಹಾಕಿಬಿಡುತ್ತಾರೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿರಬೇಕು. ಎಷ್ಟು ಎಲೆ ಹಾಕಿದೆವು ಅನ್ನುವ ಲೆಕ್ಕ ನನ್ನ ಚೀಟಿಯಲ್ಲಿರಬೇಕು. ಯಾಕೆಂದರೆ ಅಡುಗೆಯವರಿಗೆ ದುಡ್ಡು ಕೊಡುವುದು ಎಲೆಯ ಲೆಕ್ಕದಲ್ಲೇ. ಹೆಣ್ಣಿನ ಮನೆಯವರಿಗೂ ಅಡುಗೆ ಭಟ್ಟರಿಗೂ ಆಮೇಲೆ ಮಾತು ಬೆಳೆಯಬಾರದು ಅಂದರೆ ನಾನು ಅಲ್ಲಿರಲೇಬೇಕು. ಓಲಗ, ಮಂತ್ರ ಎಲ್ಲ ನನಗೆ ಮೈಕಿನಲ್ಲಿ ಕೇಳಿ ಗೊತ್ತು. ನನ್ನ ಮದುವೆಯ ಅಂತರಪಟದ ನೆನಪೂ ಸರಿಯಾಗಿಲ್ಲ. ಕಣ್ಣೆದುರು ಒಂದು ಬಿಳಿ ಪಂಚೆ, ಅದರ ಮೇಲೆ ಕುಂಕುಮದ ಸ್ವಸ್ತಿಕ, ಹೊಸ ಬಟ್ಟೆಯ ಗಂಜಿ ವಾಸನೆ. ಅಷ್ಟೇ.

ಶ್ರಾವಣದಲ್ಲಿ ನಮ್ಮ ಮೊದಲ ಮದುವೆ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ದಿನ. ಬೆಳಗಿನ ಜಾವ 4 ಗಂಟೆಗೆ ದೇವರಾಜ ಮಾರುಕಟ್ಟೆಗೆ ಹೋದರೆ ಹೂವಿನ ರೇಟು ಕೇಳುವ ಹಾಗಿರಲಿಲ್ಲ. ಹಾರ, ಮೊಗ್ಗಿನ ಜಡೆ ಮೊದಲೇ ಹೇಳಿಟ್ಟಿದ್ದೆ, ಅವು ಸಿಕ್ಕವು. ಬಿಡಿ ಹೂವನ್ನು ಮಂಟಪಕ್ಕೆ ಎಷ್ಟು ಬೇಕೋ ಅಷ್ಟೇ ತಂದೆ. ತೋರಣಕ್ಕೆ ಮಾವಿನ ಸೊಪ್ಪನ್ನೇ ಜಾಸ್ತಿ ಕಟ್ಟಿಸಿದೆ. ನೋಡಲು ಅದೇ ಚೆನ್ನಾಗಿತ್ತು, ನಿಜ ಹೇಳುತ್ತೇನೆ.

ಕಾಶಿಯಾತ್ರೆ ಮುಗಿಯಿತು. 10.20ರ ನಂತರ ಮುಹೂರ್ತ. ನಾನು ಎಂದಿನಂತೆ ಕೆಳಗೆ ಎಲೆ ಒರೆಸುವ ಹುಡುಗರ ಮುಂದೆ ನಿಂತಿದ್ದೆ. ಮಂಟಪದ ಎಡಗಡೆಯ ದೀಪಗಳು ಆರಿಹೋದವು ಅಂತ ಯಾರೋ ಓಡಿ ಬಂದು ಹೇಳಿದರು. ಕರೆಂಟಿನ ಕೆಲಸದ ಹುಡುಗ ಕಾಣಲಿಲ್ಲ. ನಾನೇ ಮೇಲೆ ಹೋದೆ. ಮಂಟಪದ ಹಿಂದೆ ಪರದೆ ಸರಿಸಿ, ಖಾಲಿ ಬುಟ್ಟಿಗಳ ಮಧ್ಯೆ ದಾರಿ ಮಾಡಿಕೊಂಡು ನೋಡಿದರೆ ಯಾರದೋ ಕಾಲು ತಾಗಿ ಪ್ಲಗ್ ಸಡಿಲವಾಗಿತ್ತು. ಒತ್ತಿದೆ, ದೀಪ ಬಂತು. ಎರಡು ನಿಮಿಷದ ಕೆಲಸ.

ಫೋನ್ ಮಾಡಿ ನಮ್ಮ ಹುಡುಗಿಗೆ "ಬಂದೆ ಕಣೇ" ಅಂದೆ. "ಬರಬೇಡಿ ಅಕ್ಕಾ" ಅಂದಳು. "ಭಟ್ರು ಇದಾರೆ, ನಾನಿದೀನಿ. ಎಲೆ ನಾನು ಎಣಿಸ್ತೀನಿ. ನೀವು ಅಲ್ಲೇ ಇರಿ, ನೋಡ್ಕೊಂಡ್ ಬನ್ನಿ." ಅಂತರಪಟದ ಮಾತನ್ನು ನಾನು ಅವಳಿಗೆ ಪುಸ್ತಕ ವಾಪಸ್ಸು ಕೊಡುವಾಗ ಸುಮ್ನೆ ಹೇಳಿದ್ದೆ. ನೆನಪಿಟ್ಟುಕೊಂಡಿದ್ದಳು.

ನಿಂತೆ. ನಾನು ನಿಂತದ್ದು ಮಂಟಪದ ಹಿಂಬದಿಯ ಕಂಬದ ಪಕ್ಕ. ಮುಂದೆ ಇರುವವರಿಗೆ ಫೋಟೋದವರ ಬೆನ್ನು ಕಾಣುತ್ತದೆ. ಗಂಡಿನ ಕಡೆಯವರಿಗೆ ಗಂಡು, ಹೆಣ್ಣಿನ ಕಡೆಯವರಿಗೆ ಹೆಣ್ಣು. ನನಗೆ ಇಬ್ಬರೂ ಒಟ್ಟಿಗೇ ಕಾಣುತ್ತಿದ್ದರು, ನಡುವೆ ತೆಳ್ಳಗೆ ಒಂದು ಬಿಳಿ ಗೆರೆಯ ಹಾಗೆ ಅಂತರಪಟ.

ಸೋದರಮಾವ ಹುಡುಗಿಯನ್ನು ಕರೆತಂದು ನಿಲ್ಲಿಸಿದರು. ಪಕ್ಕದಲ್ಲಿ ಸೋದರತ್ತೆ ಕಳಶ ಹಿಡಿದು ನಿಂತರು. ಇಬ್ಬರ ಬೊಗಸೆಯಲ್ಲೂ ವೀಳ್ಯದೆಲೆ, ಅದರ ಮೇಲೆ ಜೀರಿಗೆ ಬೆಲ್ಲ. ಮಂಗಳಾಷ್ಟಕ ಶುರುವಾಯಿತು. ಪುರೋಹಿತರಿಬ್ಬರೂ ಒಳ್ಳೆಯ ಕಂಠದವರು, ಒಂದೊಂದು ಶ್ಲೋಕ ಮುಗಿದಾಗಲೂ ಸಾವಧಾನ ಸಾವಧಾನ ಅನ್ನುತ್ತಿದ್ದರು. ಹುಡುಗಿಯ ಕೈ ಬೆವರಿ ಬೆಲ್ಲ ಕರಗುತ್ತಿತ್ತು. ಅದು ಎಲೆಯಿಂದ ಇಳಿದು ಅವಳ ಮಣಿಕಟ್ಟಿಗೆ ಬಂದದ್ದು ನನಗೆ ಕಾಣುತ್ತಿತ್ತು.

ಆಗ ಅವಳ ಕಾಲು ನೋಡಿದೆ. ಸೀರೆಯ ಅಂಚು ಹಸೆಮಣೆಯ ಮೂಲೆಯಲ್ಲಿ ಎದ್ದಿದ್ದ ಒಂದು ಮೊಳೆಗೆ ಸಿಕ್ಕಿಕೊಂಡಿತ್ತು. ನನ್ನ ಎದೆ ಧಸಕ್ಕೆಂದಿತು. ಆ ಮಣೆ ನಾನೇ ತರಿಸಿದ್ದು. ಅವಳು ಕಾಲ್ಬೆರಳಿನಲ್ಲಿ ಬಿಡಿಸಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಬಗ್ಗುವ ಹಾಗಿಲ್ಲ, ಎರಡೂ ಕೈಯಲ್ಲಿ ಜೀರಿಗೆ ಬೆಲ್ಲ. ಪಟ ಸರಿದ ತಕ್ಷಣ ಅವಳು ಒಂದು ಹೆಜ್ಜೆ ಮುಂದಿಟ್ಟು ಕೈ ಎತ್ತಬೇಕು. ಹಾಗೆ ಇಟ್ಟರೆ ಸೀರೆ ಹರಿಯುತ್ತದೆ, ಇಲ್ಲ ಅವಳು ಮುಗ್ಗರಿಸುತ್ತಾಳೆ. ಮಂತ್ರದ ನಡುವೆ ನಾನು ಅಲ್ಲಿಗೆ ನುಗ್ಗುವುದು ಹೇಗೆ? ಚೀಲದೊಳಗೆ ಕೈ ಹಾಕಿದೆ, ಏನು ಹುಡುಕುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಅಂತರಪಟ ನೆಲದವರೆಗೆ ಬರುವುದಿಲ್ಲ. ಮೊಣಕಾಲಿನಿಂದ ಕೆಳಗೆ ಬರೀ ಕಾಲುಗಳು ಕಾಣುತ್ತವೆ. ಹುಡುಗ ತಲೆ ತಗ್ಗಿಸಿ ನಿಂತಿದ್ದ, ಪೇಟದ ಭಾರಕ್ಕೆ ಇರಬೇಕು ಅಂದುಕೊಂಡಿದ್ದೆ. ಅವನು ನೋಡುತ್ತಿದ್ದದ್ದು ಆ ಮೊಳೆಯನ್ನು. ನಿಧಾನವಾಗಿ ಬಲಗಾಲು ಮುಂದೆ ಚಾಚಿದ. ಹೆಬ್ಬೆರಳಿನಿಂದ ಅಂಚನ್ನು ಒತ್ತಿದ, ಜಾರಿತು. ಇನ್ನೊಮ್ಮೆ ಒತ್ತಿದ, ಆಗಲೂ ಆಗಲಿಲ್ಲ. ಮೂರನೇ ಸಲ ಬೆರಳನ್ನು ಮೊಳೆಗೂ ಬಟ್ಟೆಗೂ ನಡುವೆ ತೂರಿಸಿ ಮೆಲ್ಲಗೆ ಎತ್ತಿದ. ಅಂಚು ಬಿಟ್ಟುಕೊಂಡಿತು. ಮೊಳೆ ತಾಗಿತೋ ಏನೋ, ಅವನ ಹುಬ್ಬು ಒಂದು ಕ್ಷಣ ಗಂಟಾಯಿತು. ಕಾಲು ಹಿಂದಕ್ಕೆ ತೆಗೆದುಕೊಂಡು ಮೊದಲಿನ ಹಾಗೇ ನಿಂತ.

ಹುಡುಗಿ ಪಕ್ಕಕ್ಕೆ ತಿರುಗಿ ಅತ್ತೆಯ ಕಡೆ ನೋಡಿ ಸಣ್ಣಗೆ ನಕ್ಕಳು. ಅತ್ತೆಗೆ ಯಾಕೆ ಅಂತ ಗೊತ್ತಾಗಲಿಲ್ಲ, ಅವರೂ ನಕ್ಕರು.

ಪಟ ಸರಿಯಿತು. ಓಲಗ ಜೋರಾಯಿತು. ಆ ಕಾದಂಬರಿಯಲ್ಲಿ ನಾಯಕ ಕೊನೆಗೆ ತುಂಬಿದ ಸಭೆಯಲ್ಲಿ ಮೈಕ್ ಹಿಡಿದು ತನ್ನ ಪ್ರೀತಿ ಹೇಳಿಕೊಳ್ಳುತ್ತಾನೆ. ಅದನ್ನು ಓದುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಇಲ್ಲಿ 500 ಜನರ ಮುಂದೆ ಒಂದು ಹೆಬ್ಬೆರಳು ಮಾಡಿದ ಕೆಲಸವನ್ನು ನೋಡಿದವಳು ನಾನೊಬ್ಬಳೇ. ಅವರಿಬ್ಬರೂ ಕೈ ಎತ್ತಿ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಿದ್ದಾಗ ನನಗೆ ಏನೂ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿಹೋಗಿತ್ತು.

ಕೆಳಗೆ ಓಡಿದೆ. ಎಲೆಗಳೆಲ್ಲ ಸಾಲಾಗಿ, ತುದಿ ಎಡಕ್ಕೆ. ಪಲ್ಯ ಬಡಿಸಿ ಆಗಿತ್ತು. ಭಟ್ಟರು ಪಾಯಸದ ಕೌಳಿಗೆ ಹಿಡಿದು "ನೋಡಿದ್ರಾ ಅಮ್ಮ?" ಅಂದರು. ತಲೆಯಾಡಿಸಿದೆ, ಮಾತು ಬರಲಿಲ್ಲ. ಮೊದಲು ಒಬ್ಬ ಹುಡುಗನನ್ನು ಸುತ್ತಿಗೆ ಕೊಟ್ಟು ಮೇಲೆ ಕಳಿಸಿದೆ, ಸಪ್ತಪದಿಗೆ ಮುಂಚೆ ಆ ಮೊಳೆ ಬಡಿಯಬೇಕಿತ್ತು.

ಸಂಜೆ ಆರತಕ್ಷತೆಗೆ ಹುಡುಗಿ ಸೀರೆ ಬದಲಾಯಿಸುವಾಗ ಪಿನ್ನು ಕೊಡಲು ಕೋಣೆಗೆ ಹೋದೆ. ಧಾರೆ ಸೀರೆ ಮಂಚದ ಮೇಲಿತ್ತು. ಅಂಚಿನಲ್ಲಿ ಒಂದೆರಡು ಎಳೆ ಎದ್ದಿತ್ತು. "ಮಣೆಯ ಮೊಳೆ ನಾನು ಮೊದಲೇ ನೋಡಬೇಕಿತ್ತು ಕಣಮ್ಮಾ, ತಪ್ಪಾಯ್ತು" ಅಂದೆ.

"ಅಯ್ಯೋ ಬಿಡಿ ಆಂಟಿ. ಅತ್ತೆ ಬಿಡಿಸಿದ್ರಲ್ಲ" ಅಂದಳು.

"ಅತ್ತೆ ಅಲ್ಲ" ಅಂದೆ. ನೋಡಿದ್ದನ್ನು ಹೇಳಿದೆ.

ಅವಳು ಒಂದು ಕೈಯಲ್ಲಿ ನೆರಿಗೆ ಹಿಡಿದುಕೊಂಡೇ ನಿಂತುಬಿಟ್ಟಳು. "ಅವರಾ?" ಅಂದಳು. ಆಮೇಲೆ ನೆರಿಗೆಯನ್ನು ನನ್ನ ಕೈಗೆ ಕೊಟ್ಟು, ಬಾಗಿಲು ಒಂದಿಷ್ಟೇ ತೆರೆದು, ಆಚೆ ಗೆಳೆಯರ ಮಧ್ಯೆ ನಿಂತಿದ್ದ ಅವನ ಕಾಲಿನ ಕಡೆ ನೋಡಿದಳು.