ಮೊದಲ ಅಕ್ಷರದ ಹಿಂದೆ ಇಪ್ಪತ್ತಾರು ರಾತ್ರಿ

ಬೆಂಗಳೂರಿನ ಎಫ್‌ಎಂ ಕೇಂದ್ರವೊಂದರಲ್ಲಿ ಕೆಲವು ವರ್ಷ ಪಾಶ್ಚಾತ್ಯ ಹಾಡುಗಳ ಸಂಗ್ರಹವನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಪ್ರತಿ ಹಾಡಿನ ಶೀರ್ಷಿಕೆ, ಹಾಡಿದವರ ಹೆಸರು, ವರ್ಷ, ಪ್ರಕಾರ ಮತ್ತು ಅವಧಿಯನ್ನು ದಾಖಲಿಸಿ, ಆರ್‌ಜೆ ಕೇಳಿದ ಕೂಡಲೇ ಅದು ಕೈಗೆ ಸಿಗುವಂತೆ ಇಡಬೇಕಿತ್ತು. ಸಂಗ್ರಹದಲ್ಲಿ ಸಾವಿರಾರು ಹಾಡುಗಳಿದ್ದರೂ ರಾತ್ರಿಯ ಕಾರ್ಯಕ್ರಮದಲ್ಲಿ ಸುಮಾರು ಇನ್ನೂರು ಹಾಡುಗಳೇ ಗಾಣದೆತ್ತಿನಂತೆ ಸುತ್ತುತ್ತಿದ್ದವು. ಎಲ್ಲವನ್ನೂ ಪ್ರಕಾರಕ್ಕೂ ದಶಕಕ್ಕೂ ತಕ್ಕಂತೆ ವಿಂಗಡಿಸಿದ್ದರಿಂದ, ರಾಕ್ ಇಷ್ಟಪಡುವವರು ಎಪ್ಪತ್ತರ ದಶಕದ ರಾಕ್ ಫೋಲ್ಡರನ್ನು ಮಾತ್ರ ತೆರೆಯುತ್ತಿದ್ದರು. ಜಾಝ್ ಫೋಲ್ಡರಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಅಮೆರಿಕದ ಕೆಲವು ರಾಕ್ ಕೇಂದ್ರಗಳಲ್ಲಿ ಸಂಗ್ರಹದ ಹಾಡುಗಳನ್ನು ಎ ಇಂದ ಝಡ್‌ವರೆಗೆ ಶೀರ್ಷಿಕೆಯ ಕ್ರಮದಲ್ಲಿ ನುಡಿಸುವ ವಾಡಿಕೆಯಿದೆ. ನಾವೂ ಒಂದು ರಾತ್ರಿಗೆ ಒಂದು ಅಕ್ಷರದಂತೆ ಇಪ್ಪತ್ತಾರು ರಾತ್ರಿ ಮಾಡೋಣವೆಂದು ಕಾರ್ಯಕ್ರಮದ ಮುಖ್ಯಸ್ಥರು ಸೂಚಿಸಿದಾಗ, ನಮ್ಮ ಸಂಗ್ರಹದ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಪಟ್ಟಿ ಸಿದ್ಧವಾಗುತ್ತದೆ ಎಂದು ನಾನು ಎಲ್ಲರೆದುರು ಹೇಳಿಬಿಟ್ಟೆ. ಆ ಮಾತಿನ ಬೆಲೆಯನ್ನು ಮುಂದಿನ ಮೂರು ವಾರ ತೆತ್ತೆ.

ಗುಂಡಿಯನ್ನೇನೋ ಒತ್ತಿದೆ. ಪಟ್ಟಿಯ ನೆತ್ತಿಯ ಮೇಲೆ ಎ ಅಕ್ಷರದ ಬದಲು ಒಂದು ಆವರಣ ಚಿಹ್ನೆ ಕುಳಿತಿತ್ತು. ರೋಲಿಂಗ್ ಸ್ಟೋನ್ಸ್ ತಂಡದ 1965ರ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನ ಪೂರ್ಣ ಶೀರ್ಷಿಕೆ 'ಐ ಕಾಂಟ್ ಗೆಟ್ ನೋ' ಎಂಬ ಆವರಣದೊಳಗಿನ ಪದಗಳಿಂದ ಆರಂಭವಾಗುತ್ತದೆ. ಅದರ ಬೆನ್ನಿಗೆ ಅಂಕಿಗಳಿಂದ ಆರಂಭವಾಗುವ ಹಾಡುಗಳಿದ್ದವು: ಪ್ರಿನ್ಸ್ ಅವರ '1999', ನೇನಾ ತಂಡದ '99 ಲುಫ್ಟ್‌ಬಲೋನ್ಸ್'. ಟಿ ಅಕ್ಷರದ ಕೆಳಗಂತೂ 'ದಿ' ಎಂಬ ಪದ ಹೊತ್ತ ಹಾಡುಗಳೆಲ್ಲ ಜಾತ್ರೆಯಂತೆ ನೆರೆದಿದ್ದವು. ಎಸ್ ರಾತ್ರಿಯಲ್ಲಿ ಕೇಳುಗರು ಖಂಡಿತ ಕಾಯುವ 'ದಿ ಸೌಂಡ್ ಆಫ್ ಸೈಲೆನ್ಸ್' ಕೂಡ ಅಲ್ಲೇ ಸಿಕ್ಕಿಕೊಂಡಿತ್ತು.

ಹಾಗಾಗಿ ನಿಯಮಗಳನ್ನು ಬರೆಯಬೇಕಾಯಿತು. ಇಂಗ್ಲಿಷಿನ ಎ, ಆ್ಯನ್, ದಿ ಪದಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಆವರಣವನ್ನು ಕಡೆಗಣಿಸಿ ಅದರೊಳಗಿನ ಪದವನ್ನು ಓದಬೇಕು. ಅಂಕಿಯನ್ನು ಉಚ್ಚರಿಸುವಂತೆ ತೆಗೆದುಕೊಳ್ಳಬೇಕು. ಅಷ್ಟರಮಟ್ಟಿಗೆ ತೊಡಕಿರಲಿಲ್ಲ. ಇಂಗ್ಲಿಷೇತರ ಹಾಡುಗಳ ವಿಷಯದಲ್ಲಿ ಮಾತ್ರ ಚರ್ಚೆ ನಡೆಯಿತು. ಗ್ರಂಥಾಲಯದ ಶಿಸ್ತಿನಂತೆ ನಡೆದರೆ ಸ್ಪ್ಯಾನಿಷ್ ಮತ್ತು ಫ್ರೆಂಚಿನ 'ಲಾ' ಎಂಬುದನ್ನೂ ಬಿಟ್ಟು 'ಲಾ ಬಾಂಬಾ' ಹಾಡನ್ನು ಬಿ ಅಡಿಯಲ್ಲಿ, 'ಲಾ ವೀ ಆನ್ ರೋಸ್' ಹಾಡನ್ನು ವಿ ಅಡಿಯಲ್ಲಿ ಇಡಬೇಕು. ಆದರೆ ನಮ್ಮ ಕೇಳುಗರಲ್ಲಿ ಯಾರೂ 'ಬಾಂಬಾ' ಹಾಕಿ ಎಂದು ಫೋನ್ ಮಾಡುವುದಿಲ್ಲ. ಅವೆರಡನ್ನೂ ಎಲ್ ಅಡಿಯಲ್ಲೇ ಬಿಟ್ಟೆ. ಗ್ರಂಥಪಾಲಕರು ಮೂಗು ಮುರಿದಾರು, ಇಂದಿಗೂ ಅದು ಸರಿಯೆಂದೇ ನನ್ನ ಅಭಿಪ್ರಾಯ. ಮೂಲ ಶೀರ್ಷಿಕೆಯನ್ನು ಮುಟ್ಟದೆ, ಕ್ರಮಕ್ಕಾಗಿ ಮಾತ್ರ ಬಳಸುವ ಇನ್ನೊಂದು ಕಾಲಂ ತೆರೆದಿದ್ದು ಆ ವಾರದಲ್ಲಿ ನಾನು ಮಾಡಿದ ಒಂದೇ ಜಾಣತನ.

ಎ ರಾತ್ರಿಯ ಹಿಂದಿನ ದಿನ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತಿದ್ದಾಗ 'ಏಂಟ್' (ain't) ಎಂಬ ಪದದಿಂದ ಆರಂಭವಾಗುವ ಹಾಡುಗಳು ಎರಡು ಕಡೆ ಚದುರಿರುವುದು ಕಣ್ಣಿಗೆ ಬಿತ್ತು. ಅಕ್ಷರಗಳಲ್ಲಿ ವ್ಯತ್ಯಾಸವಿರಲಿಲ್ಲ. ಪರದೆಯನ್ನು ದೊಡ್ಡದು ಮಾಡಿ ನೋಡಿದಾಗ, ಆ ಪದದ ನಡುವಿನ ಅಪಾಸ್ಟ್ರಫಿ ಕೆಲವು ಸಾಲುಗಳಲ್ಲಿ ನೆಟ್ಟಗೆ, ಉಳಿದವುಗಳಲ್ಲಿ ಬಾಗಿಕೊಂಡು ಇರುವುದು ತಿಳಿಯಿತು. ನಮ್ಮ ಸಾಫ್ಟ್‌ವೇರಿಗೆ ಇವೆರಡೂ ಬೇರೆಬೇರೆ ಚಿಹ್ನೆಗಳು. ನೆಟ್ಟಗಿನದು ಎಲ್ಲ ಅಕ್ಷರಗಳಿಗಿಂತ ಮುಂಚೆ, ಬಾಗಿದ್ದು ಎಲ್ಲ ಅಕ್ಷರಗಳ ನಂತರ. ಯಾವುದೋ ಕಾಲದಲ್ಲಿ ವರ್ಡ್ ಕಡತದಿಂದ ನಕಲು ಮಾಡಿ ಅಂಟಿಸಿದವನು ನಾನೇ ಎಂಬುದು ದಾಖಲೆಯಲ್ಲಿತ್ತು.

ಅದನ್ನು ಸರಿಪಡಿಸಿದ ಮೇಲೆ ಆ ಸಾಲುಗಳು ಒಂದರ ಪಕ್ಕ ಒಂದು ಬಂದು ನಿಂತ ರೀತಿಯೇ ಈ ಇಡೀ ಕೆಲಸದಲ್ಲಿ ನನಗೆ ದೊರೆತ ದೊಡ್ಡ ಲಾಭ. 1929ರ 'ಏಂಟ್ ಮಿಸ್‌ಬಿಹೇವಿನ್' ಫ್ಯಾಟ್ಸ್ ವಾಲರ್ ಅವರದು; ಎಡಗೈ ಪಿಯಾನೊದ ಮೇಲೆ ಜಿಗಿಯುತ್ತಲೇ ಇರುವ, ನ್ಯೂಯಾರ್ಕಿನ ಹಾರ್ಲೆಮ್ ಶೈಲಿಯ ಜಾಝ್. ಅದರ ಕೆಳಗೆ ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ 1967ರಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಗೆ ಹಾಡಿದ 'ಏಂಟ್ ನೋ ಮೌಂಟನ್ ಹೈ ಇನಫ್'. ಅದರ ಕೆಳಗೆ ಬಿಲ್ ವಿದರ್ಸ್ ಅವರ 1971ರ 'ಏಂಟ್ ನೋ ಸನ್‌ಶೈನ್'. ವಿದರ್ಸ್ ಆ ಕಾಲದಲ್ಲಿ ವಿಮಾನಗಳ ಶೌಚಾಲಯದ ಭಾಗಗಳನ್ನು ತಯಾರಿಸುವ ಕಾರ್ಖಾನೆಯ ನೌಕರರಾಗಿದ್ದರು. ಹಾಡಿನ ನಡುವೆ 'ಐ ನೋ' ಎಂಬ ಎರಡೇ ಪದಗಳನ್ನು ಇಪ್ಪತ್ತಾರು ಸಲ ಹಾಡುತ್ತಾರೆ. ಅಲ್ಲಿಗೆ ಬೇರೆ ಸಾಲುಗಳನ್ನು ಬರೆಯುವ ಯೋಚನೆ ಅವರಿಗಿತ್ತು, ಹಾಗೆಯೇ ಇರಲಿ ಎಂದವರು ಜೊತೆಗಿದ್ದ ವಾದಕರು. ಈ ಮೂರು ಹಾಡುಗಳೂ ನಮ್ಮಲ್ಲಿ ವರ್ಷಗಳಿಂದ ಇದ್ದವು, ಮೂರು ಬೇರೆ ಫೋಲ್ಡರುಗಳಲ್ಲಿ. ಒಂದರ ಬೆನ್ನಿಗೆ ಒಂದನ್ನು ಕೇಳಿದಾಗ, ವಾಲರ್ ಅವರ ತುಂಟತನದಿಂದ ವಿದರ್ಸ್ ಅವರ ಒಂಟಿತನದವರೆಗೆ ನಲವತ್ತೆರಡು ವರ್ಷಗಳ ಕಪ್ಪು ಅಮೆರಿಕನ್ ಸಂಗೀತ ಹತ್ತು ನಿಮಿಷದೊಳಗೆ ಕಿವಿಯ ಮುಂದೆ ಹಾದುಹೋಯಿತು. ಇಂಥ ಜೋಡಣೆಯನ್ನು ನಾನು ತಲೆ ಕೆಡಿಸಿಕೊಂಡು ಯೋಚಿಸಿದ್ದರೂ ಮಾಡುತ್ತಿರಲಿಲ್ಲ.

ಬಿ ರಾತ್ರಿ ಇನ್ನೊಂದು ತಕರಾರು ಎದುರಾಯಿತು. ಕ್ವೀನ್ ತಂಡದ 1975ರ ಆ ಪ್ರಸಿದ್ಧ ಆರು ನಿಮಿಷದ ಹಾಡು 'ಬೊಹೀಮಿಯನ್ ರ‍್ಯಾಪ್ಸಡಿ'ಯನ್ನು ಐ ರಾತ್ರಿಯಲ್ಲಿ ಹಾಕಿ ಎಂದು ಕೇಳುಗರೊಬ್ಬರು ಕೋರಿದರು. ಹಾಡು ಆರಂಭವಾಗುವುದು 'ಈಸ್' ಎಂಬ ಪದದಿಂದ ತಾನೇ ಎಂಬುದು ಅವರ ವಾದ. ನಗುವ ಮಾತಲ್ಲ ಅದು. ನಮ್ಮಲ್ಲಿ ಹಾಡಿನ ಹೆಸರೆಂದರೆ ಪಲ್ಲವಿಯ ಮೊದಲ ಸಾಲು. ದಾಸರ ಪದಗಳ ಪುಸ್ತಕದ ಹಿಂಬದಿಯ ಅಕಾರಾದಿಯೂ, ಬಸ್ಸಿನಲ್ಲಿ ಆಡುವ ಅಂತ್ಯಾಕ್ಷರಿಯೂ ಆ ಸಾಲನ್ನೇ ಹಿಡಿದು ಹೋಗುತ್ತವೆ. 'ಬೊಹೀಮಿಯನ್ ರ‍್ಯಾಪ್ಸಡಿ' ಎಂಬ ಪದಗಳಾದರೋ ಆ ಹಾಡಿನೊಳಗೆ ಎಲ್ಲಿಯೂ ಬರುವುದಿಲ್ಲ. ದಿ ಹೂ ತಂಡದ 'ಬಾಬಾ ಓ'ರೈಲಿ', ನಿರ್ವಾಣ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಕೂಡ ಅಂಥವೇ. ಪಾಶ್ಚಾತ್ಯರಲ್ಲೂ ಚರ್ಚಿನ ಹಾಡುಗಳ ರೂಢಿ ನಮ್ಮದರಂತೆಯೇ ಇದೆ: ಜಾನ್ ನ್ಯೂಟನ್ ಅವರು 1779ರಲ್ಲಿ ಅಚ್ಚು ಹಾಕಿಸಿದಾಗ 'ಅಮೇಝಿಂಗ್ ಗ್ರೇಸ್' ಹಾಡಿಗಿದ್ದ ತಲೆಬರಹ ಬೇರೆ, ಜನ ಮೊದಲ ಸಾಲನ್ನೇ ಹೆಸರಾಗಿಸಿಕೊಂಡರು. ಅಂದಿನಿಂದ ಹುಡುಕುವ ಸೌಕರ್ಯಕ್ಕಾಗಿ ಮೊದಲ ಸಾಲಿನದೂ ಒಂದು ಕಾಲಂ ಸೇರಿಸಿದೆ. 'ನಾಕಿನ್ ಆನ್ ಹೆವನ್ಸ್ ಡೋರ್' ಹಾಡನ್ನು ಎನ್ ರಾತ್ರಿಯಲ್ಲಿ ಕಾದು ಕುಳಿತು ನಿರಾಶರಾದವರಿಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. ನುಡಿದಂತೆ ಬರೆಯುವ ನಮ್ಮ ಲಿಪಿಗೆ ಒಗ್ಗಿದ ಕಿವಿಗೆ ಆ ಮೂಕ ಕೆ ಕೇಳಿಸುವುದಾದರೂ ಹೇಗೆ?

ಶಾಸ್ತ್ರೀಯ ಸಂಗೀತದ ಶೀರ್ಷಿಕೆಗಳ ರಗಳೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬೀಥೋವನ್ ಅವರ 1801ರ ಪಿಯಾನೊ ಕೃತಿಗೆ 'ಮೂನ್‌ಲೈಟ್' ಎಂಬ ಹೆಸರು ಅಂಟಿದ್ದು ಅವರು ತೀರಿಕೊಂಡ ಮೇಲೆ. ಆದರೂ ಅದನ್ನು ಎಂ ಅಡಿಯಲ್ಲೇ ಇಟ್ಟೆ.

ಹಾಡುಗಳು ವಿರಳವಾದ ಅಕ್ಷರಗಳು ಬಂದಾಗ ಆರ್‌ಜೆ ಅಳುಕಿದ್ದರು. ಆದರೆ ಆಯ್ಕೆಯೇ ಇಲ್ಲದಿದ್ದಾಗ ಎಂದೂ ನುಡಿಸದ ಹಾಡುಗಳು ತಾವಾಗಿ ಮುಂದೆ ಬಂದವು. ಎಕ್ಸ್ ರಾತ್ರಿಯಲ್ಲಿ ಎರಡು 'ಝನಡು' (Xanadu) ಸಿಕ್ಕವು: ಒಂದು ಕೆನಡಾದ ರಷ್ ತಂಡ 1977ರಲ್ಲಿ ಹೊರತಂದ ಹನ್ನೊಂದು ನಿಮಿಷದ ರಾಕ್ ರಚನೆ, ಇನ್ನೊಂದು ಒಲಿವಿಯಾ ನ್ಯೂಟನ್-ಜಾನ್ 1980ರಲ್ಲಿ ಹಾಡಿದ ಡಿಸ್ಕೊ ಬಣ್ಣದ ಪಾಪ್ ಹಾಡು. ಎರಡರ ಹೆಸರೂ ಕೋಲರಿಜ್ ಕವಿ 1816ರಲ್ಲಿ ಪ್ರಕಟಿಸಿದ ಕವಿತೆಯ ನಗರದ್ದೇ. ಹನ್ನೊಂದು ನಿಮಿಷ ಜಾಹೀರಾತಿಲ್ಲದೆ ಹೋದ ಸುದ್ದಿ ಮಾರ್ಕೆಟಿಂಗ್ ವಿಭಾಗಕ್ಕೆ ಬೆಳಿಗ್ಗೆಯೇ ತಲುಪಿತು.

ಝಡ್ ರಾತ್ರಿ 'ಝೇಡಾಕ್ ದಿ ಪ್ರೀಸ್ಟ್' ಮೊದಲು ಬಂತು. ಹ್ಯಾಂಡಲ್ ಅವರು ಎರಡನೇ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕಾಗಿ 1727ರಲ್ಲಿ ರಚಿಸಿದ, ಅಲ್ಲಿಂದೀಚೆಗೆ ಬ್ರಿಟನ್ನಿನ ಪ್ರತಿ ಪಟ್ಟಾಭಿಷೇಕದಲ್ಲೂ ಹಾಡುವ ಕೃತಿ. ತಂತಿವಾದ್ಯಗಳು ಮೆಲ್ಲಗೆ ಮೇಲೇರುತ್ತಿದ್ದವು. ಧ್ವನಿ ತೀರಾ ಸಣ್ಣದೆನಿಸಿ ನಾನು ಧ್ವನಿ ಏರಿಳಿಸುವ ಫೇಡರನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಹೋದೆ. ಸುಮಾರು ಒಂದೂವರೆ ನಿಮಿಷದ ನಂತರ ಗಾಯನವೃಂದ ಒಮ್ಮೆಲೇ ಸ್ಫೋಟಿಸಿ ಕನ್ಸೋಲಿನ ಮೀಟರು ಕೆಂಪಿಗೆ ಹಾರಿತು. ಆರ್‌ಜೆ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಹಾಕಿ ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ. ಅದರ ಬೆನ್ನಿಗೆ ಡೇವಿಡ್ ಬೋವಿ ಅವರ 1972ರ 'ಝಿಗ್ಗಿ ಸ್ಟಾರ್‌ಡಸ್ಟ್'. ಕೊನೆಗೆ, ವಾರಿಂಗ್ಟನ್ ಪಟ್ಟಣದ ಬಾಂಬ್ ದಾಳಿಯಲ್ಲಿ ಸತ್ತ ಇಬ್ಬರು ಮಕ್ಕಳಿಗಾಗಿ ಮರುಗಿ ಐರ‍್ಲೆಂಡಿನ ಕ್ರ್ಯಾನ್‌ಬೆರೀಸ್ ತಂಡ 1994ರಲ್ಲಿ ಹೊರತಂದ 'ಝಾಂಬಿ'.

ಅಲ್ಲಿಗೆ ಮುಗಿಯಿತೆಂದು ಪಟ್ಟಿಯನ್ನು ಮುಚ್ಚುವ ಮುನ್ನ ಸುಮ್ಮನೆ ಕೆಳಗೆ ಸರಿಸಿದೆ. ಝಡ್ ಮುಗಿದ ಮೇಲೂ ಸಾಲುಗಳಿದ್ದವು. ತಲೆಯ ಮೇಲೆ ಗೆರೆಯಿರುವ ಎ, ಬಾಲವಿರುವ ಸಿ ಮುಂತಾದ ಅಕ್ಷರಗಳನ್ನು ಆ ಸಾಫ್ಟ್‌ವೇರು ಇಂಗ್ಲಿಷ್ ಅಕ್ಷರಗಳೆಂದೇ ಎಣಿಸಿರಲಿಲ್ಲ. ಎ ರಾತ್ರಿಯಲ್ಲಿ ಬರಬೇಕಿದ್ದ ಹಾಡುಗಳು ಯಾರ ಕಣ್ಣಿಗೂ ಬೀಳದೆ ತಳದಲ್ಲಿ ಉಳಿದುಹೋಗಿದ್ದವು. ಮುಖ್ಯಸ್ಥರಿಗೆ ತಪ್ಪು ಒಪ್ಪಿಕೊಂಡು ಇನ್ನೊಂದು ಗಂಟೆಯ ಸಮಯ ಕೇಳಿದೆ. ಇಪ್ಪತ್ತೇಳನೆಯ ರಾತ್ರಿ ಆರಂಭವಾಗಿದ್ದು ಬ್ರೆಜಿಲಿನ ಜೊಬಿಂ ಅವರ 'ಆಗುವಾಸ್ ಜಿ ಮಾರ್ಸು' ಹಾಡಿನಿಂದ. ಗಾಯಕಿ ಎಲಿಸ್ ರೆಜಿನಾ ಜೊತೆ 1974ರಲ್ಲಿ ಹಾಡಿದ್ದು, ಕೊನೆಯಲ್ಲಿ ಇಬ್ಬರ ನಗುವೂ ಧ್ವನಿಮುದ್ರಣದೊಳಗೇ ಉಳಿದಿದೆ. ಅದರ ನಂತರ ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡದ ಹಾಡು, ಆಮೇಲೆ ಬೆಲ್ಜಿಯಂನ 1977ರ ಗದ್ದಲದ 'ಸಾ ಪ್ಲಾನ್ ಪೂರ್ ಮ್ವಾ'. ಆ ಗಂಟೆಗೆ ಏನು ಹೆಸರಿಡಬೇಕೆಂದು ಆರ್‌ಜೆ ಕೇಳಿದಾಗ, ಲಾಗ್ ಹಾಳೆಯ ಅಕ್ಷರದ ಕಾಲಂನಲ್ಲಿ ನಾನು ಒಂದು ಅಡ್ಡಗೆರೆ ಎಳೆದು ಸಹಿ ಹಾಕಿದೆ.