ಮಧ್ಯಾಹ್ನದ ಜೋಳದ ಎಲೆ

ನೆಲದ ಹಸಿ ಇಳಿದಾಗ ಹಿಂಗಾರಿ ಜೋಳದ ಎಲೆ ಮಧ್ಯಾಹ್ನ ಸುತ್ತಿಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಮತ್ತೆ ಬಿಚ್ಚಿರುತ್ತದೆ. ವಿಜಯಪುರ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ಸಲ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಸಾರವಾಡದ ಹತ್ತಿರದ ನಮ್ಮ ಎರಿ ಹೊಲಕ್ಕೆ ಹೋದಾಗ ಬೆಳೆ ಹಾಗೇ ಎಲೆ ಸುತ್ತಿಕೊಂಡು ನಿಂತಿತ್ತು. ಸಜ್ಜಿ ರೊಟ್ಟಿಯ ಗಂಟು ಬಿಚ್ಚುವ ಮೊದಲೇ ನಾನು ಮನೆಯ ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಒಂದು ಗಿಡದ ಎಲೆಯ ಚೂರು ಕತ್ತರಿಸಿ ಸ್ಪಿರಿಟ್ ಬಾಟಲಿಗೆ ಹಾಕಿದೆ.

ಕಿತ್ತ ಎಲೆಯನ್ನು ಹಾಗೇ ಮನೆಗೆ ಒಯ್ದು ನೀರಿನಲ್ಲಿ ಕೊಯ್ದರೆ ಒಳಗಿನ ಕೋಶಗಳು ನೀರು ಕುಡಿದು ಮತ್ತೆ ಉಬ್ಬುತ್ತವೆ, ಮಧ್ಯಾಹ್ನದ ಸ್ಥಿತಿ ಅಳಿಸಿಹೋಗುತ್ತದೆ. ಸ್ಪಿರಿಟ್ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಪ್ರಯೋಗಾಲಯದವರು ಇದಕ್ಕೆ ಫಾರ್ಮಲಿನ್ ಬೆರೆಸಿದ ದ್ರಾವಣ ಬಳಸುತ್ತಾರೆ. ಮಕ್ಕಳು ಓಡಾಡುವ ಮನೆಯೊಳಗೆ ಫಾರ್ಮಲಿನ್ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹವ್ಯಾಸಕ್ಕೆ ಸ್ಪಿರಿಟ್ ಸಾಕು.

ಎಲೆಯನ್ನು ಬರಿಗೈಯಲ್ಲಿ ಹಿಡಿದು ತೆಳ್ಳಗೆ ಕೊಯ್ಯಲು ಬರುವುದಿಲ್ಲ. ಗಜ್ಜರಿ ತುಂಡನ್ನು ಉದ್ದಕ್ಕೆ ಸೀಳಿ, ನಡುವೆ ಎಲೆ ಸಿಕ್ಕಿಸಿ, ಹೊಸ ದಾಡಿ ಬ್ಲೇಡಿನಿಂದ ಎರಡನ್ನೂ ಕೂಡಿಸಿ ಕೊಯ್ಯಬೇಕು. ಬ್ಲೇಡು ಒದ್ದೆಯಾಗಿರಬೇಕು. ಅದನ್ನು ಒತ್ತಬಾರದು, ತನ್ನ ಕಡೆಗೆ ಒಂದೇ ಎಳೆತಕ್ಕೆ ಜಾರಿಸಬೇಕು. ಕೊಯ್ದದ್ದೆಲ್ಲ ಬಟ್ಟಲ ನೀರಿನಲ್ಲಿ ತೇಲುತ್ತದೆ. ಅದರಲ್ಲಿ ಕಣ್ಣಿಗೆ ಕಂಡೂ ಕಾಣದಂಥದ್ದನ್ನು ಕುಂಚದ ತುದಿಯಿಂದ ಎತ್ತಿ, ಸಫ್ರಾನಿನ್ ಬಣ್ಣದಲ್ಲಿ ಅದ್ದಿ ತೊಳೆದು, ಗ್ಲಿಸರಿನ್ ಹನಿಯಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಿದರೆ ಸ್ಲೈಡು ಸಿದ್ಧ.

ನೂರು ಪಟ್ಟಿನಲ್ಲಿ ಎಲೆಯ ನರಗಳು ಕೆಂಪಗೆ ಎದ್ದು ಕಂಡವು, ಗಟ್ಟಿಯಾದ ಗೋಡೆಗಳಿಗೆ ಸಫ್ರಾನಿನ್ ಚೆನ್ನಾಗಿ ಹತ್ತುತ್ತದೆ. ನಾನು ಹುಡುಕುತ್ತಿದ್ದದ್ದು ಮೇಲ್ಸಿಪ್ಪೆಯಲ್ಲಿತ್ತು. ಸಣ್ಣ ಕೋಶಗಳ ಸಾಲಿನ ನಡುವೆ ಅಲ್ಲಲ್ಲಿ ತೆಳುಗೋಡೆಯ ದೊಡ್ಡ ಕೋಶಗಳು ಗುಂಪಾಗಿರುತ್ತವೆ, ಬುಲ್ಲಿಫಾರ್ಮ್ ಕೋಶ ಎನ್ನುತ್ತಾರೆ. ಇವುಗಳಲ್ಲಿ ನೀರು ಕಡಿಮೆಯಾದಾಗ ಎಲೆಯ ಮೇಲ್ಮೈ ಕುಗ್ಗಿ ಅಂಚುಗಳು ಒಳಗೆ ಬರುತ್ತವೆ. ಬಿಸಿಲಿಗೆ ತೆರೆದ ಮೈ ಕಡಿಮೆಯಾಗುತ್ತದೆ, ನೀರು ಉಳಿಯುತ್ತದೆ. ನನ್ನ ಸ್ಲೈಡಿನಲ್ಲಿ ಅವುಗಳ ಗೋಡೆ ಮಡಚಿ ಒಂದಕ್ಕೊಂದು ಅಂಟಿಕೊಂಡಿತ್ತು.

ಸಂತೆಗೆ ಬಂದ ಕಾಕಾನನ್ನು ಹಿಡಿದು ಕೂರಿಸಿದೆ. "ಕಾಕಾ, ಚಾಳೀಸ ತಗದು ನೋಡ್ರಿ" ಅಂದೆ. ಅವರು ಬಹಳ ಹೊತ್ತು ನೋಡಿದರು. ನಾನು ಸ್ಲೈಡನ್ನು ಸ್ವಲ್ಪ ಸರಿಸಿ ಆ ಗುಂಪನ್ನು ನಡುವೆ ತಂದೆ.

"ಇವು ಸತ್ತಾವೋ, ನೀರ ಸಿಕ್ಕರ ಮತ್ತ ತುಂಬತಾವೋ?" ಎಂದರು.

ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬೆಳಗಿನ ಎಲೆ ಬಿಚ್ಚಿರುತ್ತದೆ ಎಂದರೆ ತುಂಬಿರಲೇಬೇಕು, ಆದರೆ ಕಂಡಿದ್ದೇ ಉತ್ತರ. ಸ್ಪಿರಿಟ್ ತುಂಬಿದ ಇನ್ನೊಂದು ಬಾಟಲಿ ಕೊಟ್ಟೆ. ಮುಂದಿನ ಸಂತೆಗೆ ಕಾಕಾ ನಸುಕಿನಲ್ಲೇ ಕತ್ತರಿಸಿದ ಎಲೆ ತಂದರು. ಎರಡೂ ಎಲೆ ಅದೇ ಸ್ಪಿರಿಟ್‌ನಲ್ಲಿ ನೆನೆದಿದ್ದರಿಂದ ಹೋಲಿಸಿ ನೋಡಲು ಅಡ್ಡಿಯಿರಲಿಲ್ಲ. ಬೆಳಗಿನ ಎಲೆಯಲ್ಲಿ ಆ ಕೋಶಗಳು ಬೀಸಣಿಕೆಯಂತೆ ಬಿಚ್ಚಿ, ಅಕ್ಕಪಕ್ಕದವುಗಳಿಗಿಂತ ಎಷ್ಟೋ ದೊಡ್ಡದಾಗಿ ಕೂತಿದ್ದವು.

"ಅಂದ್ರ ಬೆಳಿಗ್ಗೀನೂ ಎಲಿ ಬಿಚ್ಚಲಿಲ್ಲಂದ್ರ ಬೆಳಿ ಹೋತು ಅಂತ ನಮ್ಮಪ್ಪ ಅಂತಿದ್ದದ್ದು ಇದಕ್ಕ" ಎಂದರು ಕಾಕಾ.

ಹಸಿ ಎಲೆಯನ್ನು ಬಣ್ಣ ಹಾಕದೆ ಕೊಯ್ದರೆ ಪ್ರತಿ ನರದ ಸುತ್ತ ದಟ್ಟ ಹಸಿರಿನ ಬಳೆಯೂ ಕಾಣುತ್ತದೆ. ಕಬ್ಬಿನಲ್ಲೂ ಇದೇ ರಚನೆ. ಬಿಸಿಲು ನಾಡಿನ ಈ ಬೆಳೆಗಳು ಇಂಗಾಲವನ್ನು ಹಿಡಿಯುವ ಬೇರೆಯದೇ ದಾರಿಯನ್ನು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲಾಕ್ ಎಂಬ ವಿಜ್ಞಾನಿಗಳು ವಿವರಿಸಿದ್ದು ಕಬ್ಬಿನ ಎಲೆಯಿಂದಲೇ. ಅದನ್ನೂ ತೋರಿಸಿದೆ. ಆದರೆ ಕಾಕಾನ ಮನಸ್ಸು ಆಗಲೇ ಕಡಲೆ ಹೊಲಕ್ಕೆ ಹೋಗಿತ್ತು. "ಕಡಲಿ ಎಲಿ ಮ್ಯಾಲ ಹುಳಿ ಎಲ್ಲಿಂದ ಬರ್ತದ, ಅದನ್ನ ತೋರ್ಸು" ಎಂದರು.

ಅದಕ್ಕೆ ಬ್ಲೇಡೂ ಬೇಡ. ಕಡಲೆ ಎಲೆಯ ಅಂಚಿನ ರೋಮಗಳ ತುದಿಯಲ್ಲೇ ಆ ಆಮ್ಲದ ಹನಿ ಇರುತ್ತದೆ, ಕಡಿಮೆ ಪಟ್ಟಿನ ಮಸೂರವೇ ಸಾಕು. ಸ್ಪಿರಿಟ್‌ನಲ್ಲಿ ಮಾತ್ರ ಹನಿ ತೊಳೆದುಹೋಗುತ್ತದೆ. ಹಾಗಾಗಿ ಈ ಸಲ ಬಾಟಲಿ ಕೊಡಲಿಲ್ಲ, ಟೊಂಗಿಯನ್ನೇ ಮುರಿದು ಡಬ್ಬಿಯಲ್ಲಿ ತರಲು ಹೇಳಿದ್ದೇನೆ.